ಸಣ್ಣ ಆಫೀಸಿಗೆ ವೈಫೈ: ಪೆಟ್ಟಿಗೆ ಆರಿಸುವ ಮುಂಚೆ ಕೇಬಲ್ ಲೆಕ್ಕ

ನಮ್ಮ ಆಫೀಸಿನ ನೆಟ್‌ವರ್ಕ್ ಮೊದಲಿಂದಲೂ ಕೇಬಲ್ ಮೇಲೆಯೇ ನಡೆಯುತ್ತಿತ್ತು. ಪ್ರತಿ ಟೇಬಲ್ ಕೆಳಗೆ ಒಂದು ಪೋರ್ಟ್. ಅಲ್ಲಿಂದ ಹೊರಟ ಕ್ಯಾಟ್ 5ಇ ಕೇಬಲ್ ಮೂಲೆಯ ಚಿಕ್ಕ ರ‍್ಯಾಕ್‌ಗೆ ಬರುತ್ತದೆ. ರ‍್ಯಾಕ್‌ನಲ್ಲಿ 24 ಪೋರ್ಟಿನ ಒಂದು ಸ್ವಿಚ್ (ಕೇಬಲ್‌ಗಳನ್ನೆಲ್ಲ ಒಂದಕ್ಕೊಂದು ಸೇರಿಸುವ ಪೆಟ್ಟಿಗೆ), ರೂಟರ್, ಫೈಲ್ ಸರ್ವರ್. ಕೆಲಸ ಸಲೀಸಾಗಿ ಸಾಗುತ್ತಿತ್ತು, ಆ ಮೂಲೆ ಕಡೆ ಯಾರೂ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆದರೆ ಈಗಿನ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ನೆಟ್‌ವರ್ಕ್ ಪೋರ್ಟೇ ಇರುವುದಿಲ್ಲ, ಅಲ್ವಾ? ಒಬ್ಬೊಬ್ಬರೇ ಹೊಸ ಲ್ಯಾಪ್‌ಟಾಪ್ ತರುತ್ತಾ ಹೋದ ಹಾಗೆ ಪ್ರತಿಯೊಬ್ಬರಿಗೂ ಒಂದು ಯುಎಸ್‌ಬಿ ಅಡಾಪ್ಟರ್ ಬೇಕಾಯಿತು. ಮೀಟಿಂಗ್ ರೂಮಿನಲ್ಲಿ ಇರುವ ಒಂದೇ ಪೋರ್ಟಿಗೆ ಐದು ಜನ ಕಾಯುವ ಹಾಗಾಯಿತು. ಹಿಂದಿನ ಸ್ಟೋರ್ ರೂಮಿನವರು ಬಾರ್‌ಕೋಡ್ ಸ್ಕ್ಯಾನರ್ ಕೈಯಲ್ಲಿ ಹಿಡಿದು ಓಡಾಡಿಕೊಂಡೇ ಕೆಲಸ ಮಾಡಬೇಕು ಅಂದರು. ಇನ್ನು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ವೈಫೈ ಪಾಸ್‌ವರ್ಡ್ ಏನು ಅಂತ.

ಇದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. "ನಾಲ್ಕು ಆಂಟೆನಾ ಇರೋ ಒಂದು ದೊಡ್ಡ ರೂಟರ್ ತಂದು ನಡುವೆ ಇಟ್ಟುಬಿಡಿ, ಸಾಕಲ್ವಾ?" ಅಂತ ನಮ್ಮ ಮ್ಯಾನೇಜರ್ ಕೇಳಿದರು. ತುಂಬಾ ಜನ ಹೀಗೇ ಯೋಚಿಸುತ್ತಾರೆ. "ಸರ್, ಸ್ವಲ್ಪ ಟೈಮ್ ಕೊಡಿ, ಮೊದಲು ಆಫೀಸು ಪೂರ್ತಿ ಒಮ್ಮೆ ಅಳೆದು ನೋಡ್ತೀನಿ" ಅಂದೆ.

ಒಂದೇ ದೊಡ್ಡ ರೂಟರ್ ಯಾಕೆ ಸಾಲುವುದಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಬುಡ. ವೈಫೈನಲ್ಲಿ ಎರಡೂ ಕಡೆಯವರು ಮಾತಾಡಬೇಕು. ರೂಟರ್ ಎಷ್ಟೇ ಜೋರಾಗಿ ಸಿಗ್ನಲ್ ಕಳಿಸಿದರೂ ಜೇಬಿನಲ್ಲಿರುವ ಫೋನ್ ಅಷ್ಟೇ ಜೋರಾಗಿ ಉತ್ತರ ಕೊಡಲಾರದು. ಅದರ ಬ್ಯಾಟರಿ ಚಿಕ್ಕದು, ಆಂಟೆನಾ ಚಿಕ್ಕದು. ಹಾಗಾಗಿ ಪರದೆ ಮೇಲೆ ಎಲ್ಲ ಗೆರೆಗಳೂ ತುಂಬಿ ಕಾಣುತ್ತವೆ, ಆದರೆ ಕಾಲ್ ಮಾತ್ರ ಕಟ್ ಆಗುತ್ತಾ ಇರುತ್ತದೆ. ಎರಡನೇ ವಿಷಯ ಇನ್ನೂ ಮುಖ್ಯ. ಸ್ವಿಚ್‌ನಲ್ಲಿ ಪ್ರತಿ ಕೇಬಲ್‌ಗೂ ಅದರದೇ ದಾರಿ ಇದೆ, ಎಲ್ಲರೂ ಒಟ್ಟಿಗೆ ಕಳಿಸಬಹುದು, ಒಟ್ಟಿಗೆ ಪಡೆಯಬಹುದು. ವೈಫೈ ಚಾನೆಲ್, ಅಂದರೆ ಗಾಳಿಯಲ್ಲಿ ಸಿಗ್ನಲ್ ಓಡುವ ದಾರಿ, ಹಾಗಲ್ಲ. ಅದು ಒಂದೇ ಮೈಕ್ ಇರುವ ಸಭೆ ಇದ್ದ ಹಾಗೆ, ಒಬ್ಬರು ಮಾತಾಡುವಾಗ ಉಳಿದವರೆಲ್ಲ ಕಾಯಬೇಕು. ದೂರದಲ್ಲಿ ಕೂತು ನಿಧಾನವಾಗಿ ಡೇಟಾ ಕಳಿಸುವ ಒಂದು ಫೋನ್ ಇದ್ದರೆ ಹತ್ತಿರ ಇರುವವರೂ ಅದು ಮುಗಿಸುವ ತನಕ ಕಾಯುತ್ತಾರೆ. ಹಾಗಾಗಿ ದೂರದವರನ್ನು ಹತ್ತಿರ ಮಾಡಿಕೊಳ್ಳುವುದೇ ಸರಿಯಾದ ದಾರಿ. ಅಂದರೆ ಕಡಿಮೆ ಪವರ್‌ನಲ್ಲಿ ಕೆಲಸ ಮಾಡುವ ಎರಡು ಮೂರು ಆಕ್ಸೆಸ್ ಪಾಯಿಂಟ್‌ಗಳು (ಕೇಬಲ್‌ನಿಂದ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆಗಳು) ಬೇಕು, ಪ್ರತಿಯೊಂದಕ್ಕೂ ಸ್ವಿಚ್‌ನಿಂದ ನೇರ ಕೇಬಲ್ ಹೋಗಬೇಕು.

ರಿಪೀಟರ್, ಮೆಶ್ ಬಗ್ಗೆಯೂ ಯೋಚಿಸಿದೆ. ಎರಡೂ ಸಿಗ್ನಲನ್ನು ಗಾಳಿಯಲ್ಲೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಸುವಂಥವು. ಕೇಬಲ್ ಎಳೆಯುವ ತಾಪತ್ರಯ ಇಲ್ಲ ಅನ್ನುವುದು ಅದರ ದೊಡ್ಡ ಆಕರ್ಷಣೆ. ಆದರೆ ಮಾಮೂಲಿ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂರು ರೇಡಿಯೊ ಇರುವ ಮೆಶ್‌ನಲ್ಲಿ ಒಂದನ್ನು ತಮ್ಮತಮ್ಮಲ್ಲಿ ಮಾತಾಡಲು ಮೀಸಲಿಡುತ್ತಾರೆ, ಅದು ಎಷ್ಟೋ ವಾಸಿ. ಆದರೂ ಗಾಳಿಯಲ್ಲಿರುವ ಚಾನೆಲ್‌ಗಳನ್ನೇ ಅದು ಬಳಸಬೇಕು. ಗೋಡೆ ಕೊರೆಯಲು ಬಿಡದ ಬಾಡಿಗೆ ಕಟ್ಟಡದಲ್ಲಿ ಮೆಶ್ ಸರಿಯಾದ ಉತ್ತರ ಆಗಬಹುದು. ನಮ್ಮಲ್ಲಿ ಫಾಲ್ಸ್ ಸೀಲಿಂಗ್ ಇದೆ, ಒಳಗೆ ಕೇಬಲ್ ಎಳೆಯಲು ಜಾಗ ಇದೆ. ಇಷ್ಟು ಅನುಕೂಲ ಇಟ್ಟುಕೊಂಡು ಮೆಶ್ ಕಡೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಇಪ್ಪತ್ತು ಚಿಲ್ಲರೆ ಜನ, ತಲೆಗೆ ಒಂದು ಫೋನ್, ಒಂದು ಲ್ಯಾಪ್‌ಟಾಪ್. ಮೇಲೆ ಎರಡು ಪ್ರಿಂಟರ್, ಸ್ಕ್ಯಾನರ್‌ಗಳು, ಮೀಟಿಂಗ್ ರೂಮಿನ ಟಿವಿ, ಬಂದುಹೋಗುವ ಅತಿಥಿಗಳು. ಸುಮಾರು 60 ಸಾಧನ ಅಂತ ಹಿಡಿದೆ. ಅದರಲ್ಲಿ ಒಂದೇ ಹೊತ್ತಿಗೆ ನಿಜವಾಗಿ ಕೆಲಸ ಮಾಡುವುದು ಅರ್ಧಕ್ಕಿಂತ ಕಡಿಮೆ. ಅವು ಮಾಡುವ ಕೆಲಸವೂ ಹೆಚ್ಚಿನದೇನಲ್ಲ: ಮೇಲ್, ಬ್ರೌಸರ್, ವಿಡಿಯೊ ಕಾಲ್. ಒಂದು ವಿಡಿಯೊ ಕಾಲ್‌ಗೆ ಕೆಲವೇ ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ) ಸಾಕು, ಆದರೆ ಅದು ನಿಲ್ಲದೆ ಒಂದೇ ಸಮನೆ ಬರಬೇಕು. ಇದನ್ನು ಬರೆದುಕೊಂಡ ಮೇಲೆ ಗೊತ್ತಾಗಿದ್ದು, ನಮಗೆ ವೇಗಕ್ಕಿಂತ ಜಾಸ್ತಿ ಬೇಕಾಗಿರುವುದು ಎಲ್ಲ ಮೂಲೆಯಲ್ಲೂ ಒಂದೇ ಥರ ಸಿಗುವ ಸಿಗ್ನಲ್ ಅಂತ. ದೊಡ್ಡ ಫೈಲುಗಳ ಮೇಲೆ ಕೆಲಸ ಮಾಡುವ ಡಿಸೈನ್ ವಿಭಾಗದವರು, ಅಕೌಂಟ್ಸ್‌ನ ಕಂಪ್ಯೂಟರ್‌ಗಳು, ಸರ್ವರ್ ಎಲ್ಲ ಕೇಬಲ್ ಮೇಲೆಯೇ ಇರಲಿ ಅಂತ ಅಲ್ಲೇ ತೀರ್ಮಾನ ಮಾಡಿದೆ. ವೈಫೈ ಬರುತ್ತದೆ ಅಂತ ಚೆನ್ನಾಗಿ ನಡೆಯುತ್ತಿರುವ ಕೇಬಲ್ ಕಿತ್ತುಹಾಕುವುದು ನನಗೆ ಒಪ್ಪಿಗೆ ಇಲ್ಲ. ಕೇಬಲ್ ಮೇಲೆ ಉಳಿದ ಒಂದೊಂದು ಕಂಪ್ಯೂಟರ್‌ನಿಂದಲೂ ಉಳಿದವರ ವೈಫೈ ಅಷ್ಟು ಹಗುರಾಗುತ್ತದೆ.

ಅಳತೆಯ ಕೆಲಸಕ್ಕೆ ದುಬಾರಿ ಸಾಧನ ಬೇಕಿರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ವೈಫೈ ರೂಟರ್ ಒಂದನ್ನು ಏಣಿಯ ತುದಿಗೆ ಕಟ್ಟಿದೆ, ಆಕ್ಸೆಸ್ ಪಾಯಿಂಟ್ ಬರಬಹುದಾದ ಜಾಗದಲ್ಲಿ ಏಣಿ ನಿಲ್ಲಿಸಿದೆ, ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಇಡೀ ಆಫೀಸು ಸುತ್ತಿದೆ. ಆ್ಯಪ್ ತೋರಿಸುವ ಅಂಕಿ ಡಿಬಿಎಂ ಅನ್ನುವ ಸಿಗ್ನಲ್ ಶಕ್ತಿಯ ಅಳತೆಯಲ್ಲಿ, ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಪ್ರತಿ 3 ಡಿಬಿ ಕುಸಿತಕ್ಕೂ ಸಿಗ್ನಲ್‌ನ ಶಕ್ತಿ ಅರ್ಧ ಆಗುತ್ತದೆ. ಹಾಗಾಗಿ -60 ಮತ್ತು -66 ನಡುವೆ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಕಾಲ್‌ಗಳು ಸರಿಯಾಗಿ ನಡೆಯಬೇಕಾದರೆ -67ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ಈ ಕೆಲಸದವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ನಾನೂ ಅದನ್ನೇ ಹಿಡಿದೆ, ಅದೂ ವೈಫೈ ಬಳಸುವ 2.4, 5 ಗಿಗಾಹರ್ಟ್ಸ್ ಎಂಬ ಎರಡು ಮಾಮೂಲಿ ತರಂಗ ಪಟ್ಟಿಗಳಲ್ಲಿ 5ರಲ್ಲಿ, ಯಾಕೆಂದರೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ 5 ಹಿಂದೆ.

ಈ ಸುತ್ತಾಟ ಕಲಿಸಿದ್ದನ್ನು ಯಾವ ಪೆಟ್ಟಿಗೆಯ ಮೇಲಿನ ಬರಹವೂ ಕಲಿಸುತ್ತಿರಲಿಲ್ಲ. ಜಿಪ್ಸಮ್ ಬೋರ್ಡಿನ ಗೋಡೆಗಳನ್ನು ಸಿಗ್ನಲ್ ಸುಲಭವಾಗಿ ದಾಟಿತು. ಮೀಟಿಂಗ್ ರೂಮಿನ ಗಾಜಿನ ಗೋಡೆ ದಾಟುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬಿಸಿಲು ತಡೆಯಲು ಅಂಟಿಸಿದ ಲೋಹದ ಪದರ ಇರುವ ಫಿಲ್ಮ್ ಸಿಗ್ನಲನ್ನೂ ತಡೆಯುತ್ತದೆ. ಬಾಗಿಲು ಹಾಕಿದ ಕೂಡಲೇ ಅಂಕಿ ದಬಕ್ಕನೆ ಬಿತ್ತು. ಸ್ಟೋರ್ ರೂಮಿನಲ್ಲಿ ಎರಡೂ ಕಡೆ ಸ್ಟೀಲ್ ರ‍್ಯಾಕ್‌ಗಳು, ಅವುಗಳ ಮೇಲೆ ಸಾಮಾನು. ಸಾಲುಗಳ ನಡುವೆ ಸಿಗ್ನಲ್ ಚೆನ್ನಾಗಿತ್ತು, ಒಂದು ಸಾಲು ದಾಟಿ ಆಚೆ ಹೋದರೆ ಏನೂ ಇಲ್ಲ. ನಡುವಿನ ಕಾಂಕ್ರೀಟ್ ಕಂಬವೂ ಅಷ್ಟೇ, ಅದರ ಹಿಂದೆ ಕೂರುವವರಿಗೆ ಯಾವಾಗಲೂ ಕಡಿಮೆ. ಏಣಿಯನ್ನು ಅಲ್ಲಿ ಇಲ್ಲಿ ಸರಿಸುತ್ತಾ ನಕ್ಷೆಯಲ್ಲಿ ಅಂಕಿ ಬರೆಯುತ್ತಾ ಹೋದ ಮೇಲೆ ಮೂರು ಜಾಗ ತಾನಾಗಿಯೇ ಗೊತ್ತಾದವು: ಮುಂದಿನ ಹಾಲ್‌ನ ಮಧ್ಯೆ, ಮೀಟಿಂಗ್ ರೂಮಿನ ಒಳಗೆ, ಸ್ಟೋರ್ ರೂಮಿನ ರ‍್ಯಾಕ್ ಸಾಲುಗಳ ಮೇಲೆ. ಎರಡು ಸಾಕಾಗಬಹುದು ಅಂತ ಮೊದಲು ಅನಿಸಿತ್ತು. ಆ ಗಾಜು ನೋಡಿದ ಮೇಲೆ ಮೂರೇ ಅಂತ ಗಟ್ಟಿ ಮಾಡಿದೆ.

ಅದೇ ಆ್ಯಪ್‌ನಲ್ಲಿ ಅಕ್ಕಪಕ್ಕದವರ ವೈಫೈಗಳೂ ಕಂಡವು. 2.4 ಗಿಗಾಹರ್ಟ್ಸ್ ಕಿಕ್ಕಿರಿದಿತ್ತು. ಅಲ್ಲಿ ಹತ್ತಕ್ಕೂ ಜಾಸ್ತಿ ಚಾನೆಲ್ ಹೆಸರಿಗೆ ಇವೆ, ಆದರೆ ಒಂದರ ಮೇಲೊಂದು ಬೀಳದೆ ಉಳಿಯುವುದು 1, 6, 11 ಈ ಮೂರು ಮಾತ್ರ. ಖಾಲಿ ಇದೆ ಅಂತ 3 ಅಥವಾ 8 ಹಾಕಿಕೊಂಡರೆ ಎರಡೂ ಕಡೆಯವರಿಗೆ ತೊಂದರೆ ಕೊಟ್ಟ ಹಾಗೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳವಾಗಿದೆ. ಅಲ್ಲಿ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಆ ಚಾನೆಲ್ ಹಿಡಿಯುವ ಮುಂಚೆ ಆಕ್ಸೆಸ್ ಪಾಯಿಂಟ್ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳಬೇಕು, ಆಮೇಲೂ ರೇಡಾರ್ ಸುಳಿವು ಸಿಕ್ಕರೆ ಬಿಟ್ಟು ಹೋಗಬೇಕು. ಯಾವ ದೇಶದಲ್ಲಿ ಯಾವ ಚಾನೆಲ್ ಅನ್ನುವ ನಿಯಮ ಬೇರೆಬೇರೆ ಇರುತ್ತದೆ, ಅದಕ್ಕೇ ಸೆಟ್ಟಿಂಗ್‌ನಲ್ಲಿ ದೇಶದ ಹೆಸರು ಸರಿಯಾಗಿ ಆರಿಸಬೇಕು.

ಇಷ್ಟೆಲ್ಲ ಆದ ಮೇಲೆ ಪೆಟ್ಟಿಗೆಗಳ ಕಡೆ ಬಂದೆ. ಮೊದಲು ಪೀಳಿಗೆಯ ಲೆಕ್ಕ. 802.11 ಅನ್ನುವುದು ವೈಫೈ ಸ್ಟ್ಯಾಂಡರ್ಡ್‌ಗಳ ಹೆಸರು. ವೈಫೈ 4 ಅಂದರೆ 2009ರ 802.11ಎನ್, ವೈಫೈ 5 ಅಂದರೆ 2013ರ 802.11ಎಸಿ, ವೈಫೈ 6 ಅಂದರೆ 802.11ಎಎಕ್ಸ್. ಈ ಸುಲಭದ ಅಂಕಿಗಳನ್ನು ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ 2018ರಲ್ಲಿ ತಂದಿತು, ಅಂಗಡಿಯಲ್ಲಿ ಕೇಳುವುದಕ್ಕೆ ತುಂಬಾ ಅನುಕೂಲ ಆಯಿತು. ವೈಫೈ 5 ಬರೀ 5 ಗಿಗಾಹರ್ಟ್ಸ್‌ಗೆ ಸೇರಿದ್ದು, 6 ಎರಡಕ್ಕೂ ಸೇರಿದ್ದು. ತುಂಬಾ ಸಾಧನಗಳಿರುವ ಕಡೆ ಒಂದೇ ಸರದಿಯಲ್ಲಿ ಹಲವರಿಗೆ ಸ್ವಲ್ಪ ಸ್ವಲ್ಪ ಜಾಗ ಹಂಚುವ ವ್ಯವಸ್ಥೆಯೂ 6ರಲ್ಲಿ ಇದೆ. 6ಇ ಮತ್ತು 7ರಲ್ಲಿ 6 ಗಿಗಾಹರ್ಟ್ಸ್ ಕೂಡ ಸಿಗುತ್ತದೆ, ಚಾನೆಲ್‌ಗಳು ಖಾಲಿ ಇರುತ್ತವೆ, ಆದರೆ ಅದನ್ನು ಬಳಸುವ ಲ್ಯಾಪ್‌ಟಾಪ್ ಫೋನ್‌ಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ವೈಫೈ 6ಕ್ಕೆ ನಿಂತೆ.

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ ಎಎಕ್ಸ್1800, ಎಎಕ್ಸ್3000 ಅನ್ನುವ ಅಂಕಿಗಳನ್ನು ಬಿಡಿಸಿ ನೋಡಿ. ಎಎಕ್ಸ್1800 ಅಂದರೆ 2.4ರಲ್ಲಿ 574 ಎಂಬಿಪಿಎಸ್, 5ರಲ್ಲಿ 1201, ಎರಡನ್ನೂ ಕೂಡಿಸಿ ಮೇಲಕ್ಕೆ ಏರಿಸಿದ್ದು. ಯಾವ ಫೋನೂ ಆ ಒಟ್ಟು ಮೊತ್ತವನ್ನು ಪಡೆಯುವುದಿಲ್ಲ. ಎಎಕ್ಸ್3000ದಲ್ಲಿ 5ರ ಪಾಲು 2402, ಅದು ಸಿಗುವುದು ಚಾನೆಲ್ ಅಗಲ 160 ಮೆಗಾಹರ್ಟ್ಸ್ ಇಟ್ಟರೆ ಮಾತ್ರ. ಮೂರು ಆಕ್ಸೆಸ್ ಪಾಯಿಂಟ್ ಇರುವ ಆಫೀಸಿನಲ್ಲಿ 160 ಇಟ್ಟರೆ ಒಂದಕ್ಕೊಂದು ಅಡ್ಡ ಬರುತ್ತವೆ. ನಾನು ಇಡಬೇಕು ಅಂತಿದ್ದ ಅಗಲವೇ 40. ಅಷ್ಟು ಅಗಲಕ್ಕೆ ಎರಡು ಸ್ಟ್ರೀಮ್‌ನ (ಒಟ್ಟಿಗೆ ಎರಡು ಡೇಟಾ ಹರಿವು ನಡೆಸುವ) ಲ್ಯಾಪ್‌ಟಾಪಿಗೆ ಕಾಗದದ ಮೇಲೆ 574, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಕೆಲಸಕ್ಕೆ ಅದು ಯಥೇಚ್ಛ. ಹಾಗಾಗಿ ದೊಡ್ಡ ಅಂಕಿಗೆ ಕೊಡುವ ದುಡ್ಡನ್ನು ಮೂರನೇ ಆಕ್ಸೆಸ್ ಪಾಯಿಂಟ್‌ಗೆ ಮತ್ತು ಒಳ್ಳೆಯ ಸ್ವಿಚ್‌ಗೆ ಹಾಕಿದರೆ ಉಪಯೋಗ ಜಾಸ್ತಿ ಅಂತ ಮ್ಯಾನೇಜರ್‌ಗೆ ಹೇಳಿದೆ, ಅವರೂ ಒಪ್ಪಿದರು.

ಇನ್ನು ಕರೆಂಟಿನ ವಿಷಯ. ನನಗೆ ಅತಿ ಹೆಚ್ಚು ಓದಬೇಕಾಗಿ ಬಂದದ್ದು ಇಲ್ಲೇ. ಸೀಲಿಂಗ್ ಮೇಲೆ ಪ್ಲಗ್ ಪಾಯಿಂಟ್ ಇರುವುದಿಲ್ಲ, ಹೊಸದಾಗಿ ಹಾಕಿಸುವುದು ದೊಡ್ಡ ಕೆಲಸ. ಅದಕ್ಕೇ ಪವರ್ ಓವರ್ ಈಥರ್ನೆಟ್, ಎಲ್ಲರೂ ಪಿಒಇ ಅನ್ನುವುದು. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೂಡ ಹೋಗುತ್ತದೆ. 2003ರಲ್ಲಿ ಬಂದ 802.3ಎಎಫ್ ಎಂಬ ಪಿಒಇ ಸ್ಟ್ಯಾಂಡರ್ಡ್‌ನಲ್ಲಿ ಒಂದು ಪೋರ್ಟಿನಿಂದ 15.4 ವ್ಯಾಟ್ ಹೊರಡುತ್ತದೆ, ದಾರಿಯಲ್ಲಿ ಒಂದಿಷ್ಟು ಕಳೆದು ಆ ತುದಿಯಲ್ಲಿ 12.95 ಸಿಗುತ್ತದೆ ಅಂತ ಲೆಕ್ಕ. 2009ರ 802.3ಎಟಿಯಲ್ಲಿ 30 ಹೊರಟು 25.5 ಸಿಗುತ್ತದೆ. 2018ರ 802.3ಬಿಟಿಯಲ್ಲಿ ಇನ್ನೂ ಜಾಸ್ತಿ. ನಾನು ನೋಡಿದ ವೈಫೈ 6 ಆಕ್ಸೆಸ್ ಪಾಯಿಂಟ್‌ಗಳಲ್ಲಿ ಕೆಲವಕ್ಕೆ ಎಎಫ್ ಸಾಕು, ಕೆಲವಕ್ಕೆ ಎಟಿ ಬೇಕು. ಮಾಹಿತಿ ಹಾಳೆಯಲ್ಲಿ ಇದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ಓದಬೇಕು.

ಪಿಒಇ ಸ್ವಿಚ್ ಆರಿಸುವಾಗ ಎರಡು ಅಂಕಿ ನೋಡಬೇಕು: ಒಂದು ಪೋರ್ಟ್ ಎಷ್ಟು ಕೊಡಬಲ್ಲದು, ಎಲ್ಲ ಪೋರ್ಟ್ ಸೇರಿ ಎಷ್ಟು ಕೊಡಬಲ್ಲವು. ಎಂಟು ಪೋರ್ಟ್ ಇದೆ, ಒಂದೊಂದೂ 30 ವ್ಯಾಟ್ ಕೊಡುತ್ತದೆ ಅಂತ ಬರೆದಿರುತ್ತದೆ. ಆದರೆ ಒಟ್ಟು ಬಜೆಟ್ 60 ವ್ಯಾಟ್ ಇದ್ದರೆ ಪೂರ್ತಿ 30 ಸಿಗುವುದು ಎರಡೇ ಪೋರ್ಟಿಗೆ. ನಮ್ಮದು ಮೂರು ಆಕ್ಸೆಸ್ ಪಾಯಿಂಟ್, ಮುಂದೆ ಬರಬಹುದಾದ ಒಂದು, ಬಾಗಿಲಿನ ಕ್ಯಾಮೆರಾ ಒಂದು. ಎಲ್ಲವನ್ನೂ ಅತಿ ಹೆಚ್ಚಿನ ಬಳಕೆಯಲ್ಲಿ ಕೂಡಿಸಿ, ಮೇಲೆ ಒಂದಿಷ್ಟು ಸೇರಿಸಿ, ಅಷ್ಟು ಬಜೆಟ್ ಇರುವುದನ್ನು ಹುಡುಕಿದೆ. ಒಂದೇ ಆಕ್ಸೆಸ್ ಪಾಯಿಂಟ್ ಇರುವವರಿಗೆ ಸ್ವಿಚ್ ಬದಲಾಯಿಸುವ ಅಗತ್ಯ ಇಲ್ಲ, ಕೇಬಲ್‌ಗೆ ಕರೆಂಟ್ ಸೇರಿಸುವ ಇಂಜೆಕ್ಟರ್ ಅನ್ನುವ ಚಿಕ್ಕ ಪೆಟ್ಟಿಗೆ ಸಾಕು. ಮೂರಕ್ಕೆ ಮೂರು ಇಂಜೆಕ್ಟರ್ ಇಟ್ಟರೆ ರ‍್ಯಾಕ್‌ನಲ್ಲಿ ಪ್ಲಗ್‌ಗಳ ಸಂತೆ ಆಗುತ್ತದೆ. ಸ್ವಿಚ್ ಆದರೆ ಇನ್ನೊಂದು ಅನುಕೂಲವೂ ಇದೆ: ಒಂದೇ ಯುಪಿಎಸ್‌ಗೆ ಸ್ವಿಚ್, ರೂಟರ್ ಹಾಕಿದರೆ ಕರೆಂಟ್ ಹೋದಾಗಲೂ ಇಡೀ ಆಫೀಸಿನ ವೈಫೈ ನಿಲ್ಲುವುದಿಲ್ಲ. ಮತ್ತೆ ಹ್ಯಾಂಗ್ ಆದ ಆಕ್ಸೆಸ್ ಪಾಯಿಂಟನ್ನು ಏಣಿ ಹತ್ತದೆ, ಸ್ವಿಚ್‌ನ ಪೋರ್ಟ್ ಆಫ್ ಮಾಡಿ ಆನ್ ಮಾಡಿಯೇ ರೀಸ್ಟಾರ್ಟ್ ಮಾಡಬಹುದು.

ಪ್ಯಾಸಿವ್ ಪಿಒಇ ಅಂತ ಬರೆದಿದ್ದರೆ ಮಾತ್ರ ತುಂಬಾ ಎಚ್ಚರಿಕೆ ಬೇಕು. ಮೇಲೆ ಹೇಳಿದ ಸ್ಟ್ಯಾಂಡರ್ಡ್ ಪಿಒಇ ಮೊದಲು ಆ ತುದಿಯಲ್ಲಿ ಕರೆಂಟ್ ಬಯಸುವ ಸಾಧನ ಇದೆಯಾ ಅಂತ ಕೇಳಿ ತಿಳಿದುಕೊಂಡು ಆಮೇಲೆ ಕರೆಂಟ್ ಬಿಡುತ್ತದೆ, ಹಾಗಾಗಿ ಮಾಮೂಲಿ ಲ್ಯಾಪ್‌ಟಾಪ್ ಚುಚ್ಚಿದರೂ ಏನೂ ಆಗುವುದಿಲ್ಲ. ಪ್ಯಾಸಿವ್‌ನಲ್ಲಿ ಆ ಕೇಳುವ ಕೆಲಸ ಇಲ್ಲ, ಕರೆಂಟ್ ಯಾವಾಗಲೂ ಹರಿಯುತ್ತಲೇ ಇರುತ್ತದೆ. ಅದಕ್ಕೆ ಹೊಂದದ ಸಾಧನ ಚುಚ್ಚಿದರೆ ಸುಟ್ಟುಹೋಗಬಹುದು. ಅಗ್ಗಕ್ಕೆ ಸಿಗುತ್ತದೆ ಅಂತ ಹಲವರು ಕೈ ಹಾಕುವ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಕೆಲವು ಬರೀ ಪ್ಯಾಸಿವ್. ಯಾರು ಬೇಕಾದರೂ ಬಂದು ಕೇಬಲ್ ಚುಚ್ಚುವ ಆಫೀಸಿಗೆ ಅದು ಬೇಡವೇ ಬೇಡ ಅಂತ ಪಟ್ಟಿಯಿಂದ ತೆಗೆದುಬಿಟ್ಟೆ.

ಕೇಬಲ್ ಎಳೆಯಲು ಬಂದ ಎಲೆಕ್ಟ್ರಿಷಿಯನ್ ಅನುಭವಸ್ಥರು. "ಸರ್, ಲೈಟಿನ ವೈರ್ ಜೊತೆ ಇದನ್ನ ಕಟ್ಟಬೇಡಿ, ಬೇರೆ ಪೈಪಲ್ಲಿ ತರ್ತೀನಿ" ಅಂತ ಅವರೇ ಹೇಳಿದರು. ಒಂದು ವಿಷಯ ಮಾತ್ರ ನಾನು ಹಟ ಹಿಡಿದು ಕೇಳಿದೆ: ಕೇಬಲ್ ಪೂರ್ತಿ ತಾಮ್ರದ್ದೇ ಇರಬೇಕು. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲ್‌ಗಳು ಸಿಗುತ್ತವೆ, ಪೆಟ್ಟಿಗೆ ಮೇಲೆ ಸಿಸಿಎ ಅಂತ ಇರುತ್ತದೆ. ಅದರಲ್ಲಿ ಪ್ರತಿರೋಧ ಜಾಸ್ತಿ. ಕರೆಂಟ್ ಹರಿಸಿದಾಗ ವೋಲ್ಟೇಜ್ ಕುಸಿಯುತ್ತದೆ, ಕೇಬಲ್ ಬಿಸಿಯಾಗುತ್ತದೆ. ಪಿಒಇಗೆ ಅದು ಸರಿಯಲ್ಲ. ಉದ್ದ 100 ಮೀಟರ್ ಒಳಗೆ ಇರಬೇಕು, ನಮ್ಮಲ್ಲಿ ಅದರ ಅರ್ಧವೂ ಆಗಲಿಲ್ಲ. ಹೊಸ ಎಳೆತಗಳಿಗೆ ಕ್ಯಾಟ್ 6 ಹಾಕಿಸಿದೆ. ಹಳೆಯ 5ಇಯನ್ನು ಮುಟ್ಟಲಿಲ್ಲ, ಗಿಗಾಬಿಟ್‌ಗೆ ಅದು ಧಾರಾಳ ಸಾಕು, 2016ರಲ್ಲಿ ಬಂದ 2.5 ಗಿಗಾಬಿಟ್ ಸ್ಟ್ಯಾಂಡರ್ಡ್ ಕೂಡ ಅದರ ಮೇಲೆ ಓಡುತ್ತದೆ. ಪ್ರತಿ ಜಾಗಕ್ಕೂ ಒಂದರ ಬದಲು ಎರಡು ಕೇಬಲ್ ಎಳೆಸಿ ಒಂದನ್ನು ಸುತ್ತಿಟ್ಟೆ. ಕೆಲಸಗಾರರು ಸೀಲಿಂಗ್ ಬಿಚ್ಚಿರುವಾಗ ಎರಡನೇ ಕೇಬಲ್‌ಗೆ ತಗಲುವ ಶ್ರಮ ತೀರಾ ಕಡಿಮೆ.

ಮುಂದಿನ ಪ್ರಶ್ನೆ: ಇವನ್ನೆಲ್ಲ ಎಲ್ಲಿಂದ ನೋಡಿಕೊಳ್ಳುವುದು? ಮೂರು ಮನೆ ರೂಟರ್‌ಗಳನ್ನು ತಂದು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೂ ವೈಫೈ ಬರುತ್ತದೆ. ಹಾಗೆ ಮಾಡುವವರು ಅದರ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿದರೆ ಸಾಕು. ಆದರೆ ಪಾಸ್‌ವರ್ಡ್ ಬದಲಾಯಿಸಬೇಕಾದರೆ ಮೂರು ಕಡೆ ಹೋಗಬೇಕು, ಯಾರು ಎಲ್ಲಿಗೆ ಸೇರಿದ್ದಾರೆ ಅಂತ ಮೂರು ಕಡೆ ನೋಡಬೇಕು. ಒಂದೇ ಕಂಟ್ರೋಲರ್‌ನಿಂದ ಎಲ್ಲವನ್ನೂ ನಡೆಸುವ ಸಾಲುಗಳು ಈಗ ಸಣ್ಣ ಆಫೀಸಿಗೂ ಕೈಗೆಟುಕುತ್ತವೆ: ಯೂಬಿಕ್ವಿಟಿಯ ಯೂನಿಫೈ, ಟಿಪಿ-ಲಿಂಕ್‌ನ ಒಮಾಡ, ಅರೂಬಾ ಇನ್‌ಸ್ಟಂಟ್ ಆನ್, ಮೈಕ್ರೋಟಿಕ್. ನಾನು ಕೇಳಿಕೊಂಡ ಪ್ರಶ್ನೆಗಳು ಇಷ್ಟೇ. ವರ್ಷವರ್ಷ ಲೈಸೆನ್ಸ್ ಕಟ್ಟಬೇಕಾ? ಕಟ್ಟದಿದ್ದರೆ ಪೆಟ್ಟಿಗೆ ಕೆಲಸ ನಿಲ್ಲಿಸುತ್ತದಾ? ಕಂಟ್ರೋಲರ್ ಓಡುವ ಕಂಪ್ಯೂಟರ್ ಕೆಟ್ಟರೆ ವೈಫೈ ಉಳಿಯುತ್ತದಾ? ಇಂಟರ್ನೆಟ್ ಇಲ್ಲದಾಗ ಸೆಟ್ಟಿಂಗ್ ಮುಟ್ಟಬಹುದಾ? ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ನಿಯಮಿತವಾಗಿ ಬರುತ್ತಿದೆಯಾ? ಕೊನೆಯದನ್ನು ತುಂಬಾ ಜನ ನೋಡುವುದೇ ಇಲ್ಲ. 2017ರಲ್ಲಿ ವೈಫೈ ಭದ್ರತೆಯ ಸ್ಟ್ಯಾಂಡರ್ಡ್ ಆದ ಡಬ್ಲ್ಯುಪಿಎ2ನಲ್ಲಿ ಕ್ರ್ಯಾಕ್ ಎಂಬ ದೋಷ ಬೆಳಕಿಗೆ ಬಂದಾಗ ಅಪ್‌ಡೇಟ್ ಕೊಡುವ ಕಂಪನಿಯ ಸಾಧನ ಇದ್ದವರು ಬೇಗ ಸರಿಮಾಡಿಕೊಂಡರು. ಪಟ್ಟಿಯಲ್ಲಿ ಒಂದು ಮಾಡೆಲ್‌ನ ಕೊನೆಯ ಅಪ್‌ಡೇಟ್ ಬಂದು ವರ್ಷಗಳೇ ಆಗಿದ್ದವು, ಬೆಲೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆ.

ಕೊನೆಗೆ ಒಮಾಡ ಸಾಲಿಗೆ ಬಂದೆವು. ಕಂಟ್ರೋಲರ್ ಸಾಫ್ಟ್‌ವೇರನ್ನು ನಮ್ಮ ಸರ್ವರ್ ಮೇಲೆಯೇ ಓಡಿಸಬಹುದು, ಅದು ನಿಂತರೂ ಆಕ್ಸೆಸ್ ಪಾಯಿಂಟ್‌ಗಳು ಇರುವ ಸೆಟ್ಟಿಂಗ್‌ನಲ್ಲಿ ಮುಂದುವರಿಯುತ್ತವೆ. ಬೇರೆಯವರಿಗೆ ಬೇರೆ ಸಾಲು ಸರಿಹೋಗಬಹುದು. ಸರ್ವರ್ ಇಲ್ಲದ, ಫೋನ್ ಆ್ಯಪ್‌ನಿಂದಲೇ ಎಲ್ಲ ಆಗಬೇಕು ಅನ್ನುವವರಿಗೆ ಇನ್‌ಸ್ಟಂಟ್ ಆನ್ ಸುಲಭ. ಒಳಗಿನ ಪ್ರತಿ ತಿರುಪನ್ನೂ ತಾವೇ ತಿರುಗಿಸಬೇಕು ಅನ್ನುವವರಿಗೆ ಮೈಕ್ರೋಟಿಕ್. ಮೊದಲು ಒಂದೇ ಆಕ್ಸೆಸ್ ಪಾಯಿಂಟ್ ತರಿಸಿ, ಏಣಿಗೆ ಕಟ್ಟಿ, ಹಳೆಯ ರೂಟರ್ ಇಟ್ಟು ಅಳೆದ ಜಾಗಗಳಲ್ಲೇ ಮತ್ತೆ ಅಳೆದು, ಅಂಕಿಗಳು ಹೊಂದಿದ ಮೇಲೆ ಉಳಿದ ಎರಡನ್ನು ತರಿಸಿದೆ.

ಅತಿಥಿಗಳ ವಿಷಯಕ್ಕೆ ಸ್ವಿಚ್ಚೂ ಬದಲಾಗಬೇಕಾಯಿತು. ಹೊರಗಿನವರ ಫೋನ್ ನಮ್ಮ ಫೈಲ್ ಸರ್ವರ್ ಇರುವ ನೆಟ್‌ವರ್ಕ್‌ಗೇ ಬಂದು ಕೂರುವುದು ನನಗೆ ಸುತರಾಂ ಇಷ್ಟ ಇರಲಿಲ್ಲ. ಅತಿಥಿಗಳಿಗೆ ಬೇರೆ ವಿಲ್ಯಾನ್ ಬೇಕು. ವಿಲ್ಯಾನ್ ಅಂದರೆ ಒಂದೇ ಕೇಬಲ್ ಮೇಲೆ ಓಡುವ, ಒಂದನ್ನೊಂದು ನೋಡದ ಎರಡು ನೆಟ್‌ವರ್ಕ್‌ಗಳು, 802.1ಕ್ಯೂ ಅನ್ನುವ ಸ್ಟ್ಯಾಂಡರ್ಡ್. ಆಕ್ಸೆಸ್ ಪಾಯಿಂಟ್‌ಗೆ ಇದು ಗೊತ್ತಿರಬೇಕು, ಸ್ವಿಚ್‌ಗೂ ಗೊತ್ತಿರಬೇಕು, ರೂಟರ್‌ಗೂ ಗೊತ್ತಿರಬೇಕು. ಮೂರರಲ್ಲಿ ಒಂದಕ್ಕೆ ಗೊತ್ತಿಲ್ಲದಿದ್ದರೂ ಸರಪಳಿ ಅಲ್ಲೇ ತುಂಡಾಗುತ್ತದೆ. ನಮ್ಮ ಹಳೆಯ ಸ್ವಿಚ್ ಅನ್‌ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಮಾಡಲು ಬಾರದ್ದು, ವಿಲ್ಯಾನ್ ಗೊತ್ತಿಲ್ಲದ್ದು. ಅದನ್ನು ಬಿಸಾಡಲಿಲ್ಲ, ಟೇಬಲ್‌ಗಳ ಕೇಬಲ್‌ಗೆ ಹಾಗೇ ಬಿಟ್ಟೆ. ಹೊಸ ಮ್ಯಾನೇಜ್ಡ್ ಪಿಒಇ ಸ್ವಿಚ್ ರೂಟರ್‌ಗೂ ಆಕ್ಸೆಸ್ ಪಾಯಿಂಟ್‌ಗಳಿಗೂ ನಡುವೆ ಬಂತು, ಹಳೆಯದು ಹೊಸದಕ್ಕೆ ಒಂದೇ ಕೇಬಲ್‌ನಲ್ಲಿ ಸೇರಿತು. ರೂಟರ್‌ಗೆ ವಿಲ್ಯಾನ್ ಗೊತ್ತಿತ್ತು, ಅದು ನಮ್ಮ ಪುಣ್ಯ.

ಸೆಟ್ಟಿಂಗ್‌ನಲ್ಲಿ ಹೆಚ್ಚು ಪರಿಣಾಮ ಕೊಟ್ಟದ್ದು ಪವರ್ ಇಳಿಸಿದ್ದು. ಪೆಟ್ಟಿಗೆಯಿಂದ ಬರುವಾಗ ಅದು ಗರಿಷ್ಠದಲ್ಲಿ ಇರುತ್ತದೆ. ಮೂರೂ ಗರಿಷ್ಠದಲ್ಲಿ ಇದ್ದರೆ ಸ್ಟೋರ್ ರೂಮಿಗೆ ಹೋದ ಫೋನ್ ಕೂಡ ಹಾಲ್‌ನದನ್ನೇ ಹಿಡಿದುಕೊಂಡು ಬಿಡುವುದಿಲ್ಲ. ಯಾವ ಆಕ್ಸೆಸ್ ಪಾಯಿಂಟ್‌ಗೆ ಹೋಗಬೇಕು ಅಂತ ತೀರ್ಮಾನಿಸುವುದು ಫೋನೇ. 802.11ಕೆ, ವಿ, ಆರ್ ಅನ್ನುವ ಸೌಲಭ್ಯಗಳು ಅದಕ್ಕೆ ದಾರಿ ಹೇಳಬಲ್ಲವು, ಸೇರಿಕೊಳ್ಳುವುದನ್ನು ಬೇಗ ಮುಗಿಸಬಲ್ಲವು, ಆದರೆ ಫೋನ್ ಪರವಾಗಿ ನಿರ್ಧಾರ ಮಾಡಲಾರವು. ಹಾಗಾಗಿ 5ರಲ್ಲಿ ಮಧ್ಯಮಕ್ಕೆ, 2.4ರಲ್ಲಿ ಅದಕ್ಕಿಂತ ಕಡಿಮೆಗೆ ಇಳಿಸಿದೆ. 2.4ರಲ್ಲಿ ಒಂದೊಂದಕ್ಕೆ 1, 6, 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ ಬೇರೆಬೇರೆ ಚಾನೆಲ್, ಅಗಲ 40. ಹಳೆಯ 802.11ಬಿ ಕಾಲದ ನಿಧಾನ ವೇಗಗಳನ್ನು ಆಫ್ ಮಾಡಿದೆ. ವೈಫೈ ಹೆಸರುಗಳು ಎರಡೇ ಇರಲಿ, ಸಿಬ್ಬಂದಿಗೆ ಒಂದು, ಅತಿಥಿಗಳಿಗೆ ಒಂದು. ವಿಭಾಗಕ್ಕೊಂದು ಹೆಸರು ಇಡಿ ಅಂತ ಸಲಹೆ ಬಂದಿತ್ತು. ಆದರೆ ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು 10 ಸಲ ತಾನಿದ್ದೇನೆ ಅಂತ ಸಾರುತ್ತಿರುತ್ತದೆ, ಅದೂ ಅತಿ ನಿಧಾನದ ವೇಗದಲ್ಲಿ. ಹೆಸರು ಜಾಸ್ತಿ ಆದಷ್ಟೂ ಕೆಲಸದ ಡೇಟಾಗೆ ಸಮಯ ಕಡಿಮೆ.

ಭದ್ರತೆಗೆ ಡಬ್ಲ್ಯುಪಿಎ3 ಇಡಬೇಕು ಅಂತ ಆಸೆ ಇತ್ತು. ಹಳೆಯ ಪ್ರಿಂಟರ್ ಅದನ್ನು ಒಪ್ಪುವುದಿಲ್ಲ, ಸ್ಕ್ಯಾನರ್‌ಗಳೂ ಒಪ್ಪುವುದಿಲ್ಲ. ಪ್ರಿಂಟರ್‌ಗೆ ಕೇಬಲ್ ಪೋರ್ಟ್ ಇತ್ತು, ಅದನ್ನು ಕೇಬಲ್‌ಗೇ ಹಾಕಿದೆ. ಸ್ಕ್ಯಾನರ್‌ಗಳಿಗಾಗಿ ಡಬ್ಲ್ಯುಪಿಎ2 ಮತ್ತು 3 ಎರಡೂ ನಡೆಯುವ ಮಿಶ್ರ ಮೋಡ್ ಇಟ್ಟೆ. ಪಾಸ್‌ವರ್ಡ್ ಟೈಪ್ ಮಾಡದೆ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಗುಂಡಿ ಇರುವ ಯಾವ ಸಾಧನ ತಂದರೂ ಅದನ್ನು ಆಫ್ ಮಾಡುವುದು ಒಳ್ಳೆಯದು. ಅದರ 8 ಅಂಕಿಯ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವ ಕಾರಣ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬೀಳುತ್ತದೆ ಅಂತ 2011ರಲ್ಲೇ ಬಯಲಾಗಿದೆ.

ಕೊನೆಗೆ ಪರೀಕ್ಷೆ. ಸರ್ವರ್‌ನಲ್ಲಿ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಪ್ರೋಗ್ರಾಂ ಓಡಿಸಿ, ಲ್ಯಾಪ್‌ಟಾಪ್ ಹಿಡಿದು ಪ್ರತಿ ಕೋಣೆಯಲ್ಲೂ ಆಫೀಸಿನೊಳಗಿನ ವೇಗ ಅಳೆದೆ. ಇಂಟರ್ನೆಟ್ ವೇಗ ಪರೀಕ್ಷೆ ಇದಕ್ಕೆ ಉಪಯೋಗ ಇಲ್ಲ, ಅದರಲ್ಲಿ ಕಡಿಮೆ ಬಂದರೆ ತಪ್ಪು ವೈಫೈನದ್ದೋ ಹೊರಗಿನ ಲೈನಿನದ್ದೋ ಗೊತ್ತಾಗುವುದಿಲ್ಲ. ಆಮೇಲೆ ವಿಡಿಯೊ ಕಾಲ್ ಹಚ್ಚಿಕೊಂಡು ಹಾಲ್‌ನಿಂದ ಮೀಟಿಂಗ್ ರೂಮಿಗೆ, ಅಲ್ಲಿಂದ ಸ್ಟೋರ್ ರೂಮಿಗೆ ನಡೆದೆ. ಅಕೌಂಟ್ಸ್ ಮೇಡಂ ಆ ಕಡೆಯಿಂದ "ಕೇಳಿಸ್ತಿದೆ, ಕೇಳಿಸ್ತಿದೆ" ಅನ್ನುತ್ತಲೇ ಇದ್ದರು. ಮೀಟಿಂಗ್ ರೂಮಿನ ಬಾಗಿಲು ದಾಟುವಾಗ ಒಂದು ಕ್ಷಣ ಚಿತ್ರ ನಿಂತು ಮುಂದೆ ಹೋಯಿತು, ಮಾತು ತುಂಡಾಗಲಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್ ಮಾತ್ರ ಹಾಲ್‌ನ ಆಕ್ಸೆಸ್ ಪಾಯಿಂಟ್ ಬಿಡಲು ಒಪ್ಪುತ್ತಿರಲಿಲ್ಲ. ಅದರ ವೈಫೈ ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಸರಿಹೋಯಿತು.

ಈಗ ಬಾಕಿ ಇರುವುದು ಸ್ಟೋರ್ ರೂಮಿನ ತುದಿ. ಅಲ್ಲಿ ಹೊಸದಾಗಿ ಇನ್ನೊಂದು ಸಾಲು ಸ್ಟೀಲ್ ರ‍್ಯಾಕ್ ಬರುತ್ತಿದೆ. ಬಂದು ಸಾಮಾನು ತುಂಬಿದ ಮೇಲೆ ಮತ್ತೆ ಅಳೆಯಬೇಕು. ಅಂಕಿ -67ಕ್ಕಿಂತ ಕೆಳಗೆ ಬಿದ್ದರೆ ಅಲ್ಲಿ ಸುತ್ತಿಟ್ಟಿರುವ ಎರಡನೇ ಕೇಬಲ್ ಬಿಚ್ಚಿ ಆ ಸಾಲಿನ ಮೇಲಕ್ಕೆ ಎಳೆದು, ಸ್ವಿಚ್‌ನಲ್ಲಿ ಖಾಲಿ ಇಟ್ಟಿರುವ ಪಿಒಇ ಪೋರ್ಟಿಗೆ ನಾಲ್ಕನೆಯದನ್ನು ಹಾಕುತ್ತೇನೆ.